ಅಡುಗೆಮನೆಗೆ ಬಂದ ಬೆಳಕು

ತಾಳ್ಯದ ನಮ್ಮ ಮನೆಯ ಅಡುಗೆಮನೆ ಗೋಡೆಯಲ್ಲಿ ಒಂದು ಪುಟ್ಟ ಗೂಡಿದೆ. ಎಷ್ಟು ಸಲ ಸುಣ್ಣ ಬಳಿದರೂ ಅದರ ಮೇಲ್ಭಾಗ ಕಪ್ಪಾಗಿಯೇ ಕಾಣುತ್ತದೆ. ಸೀಮೆಎಣ್ಣೆ ಬುಡ್ಡಿ ಇಡುತ್ತಿದ್ದ ಜಾಗ ಅದು. ಊರಿಗೆ ಕರೆಂಟು ಬಂದಿತ್ತು, ನಿಜ. ಆದರೆ ಸಂಜೆ ಮುದ್ದೆ ತಿರುವುವ ಹೊತ್ತಿಗೆ ಅದು ಇರುತ್ತಿದ್ದುದು ಅಪರೂಪ.

ವಿದ್ಯುತ್ತಿನ ಚರಿತ್ರೆಯನ್ನು ನಾವು ಮೇಷ್ಟರುಗಳು 1902ರ ಶಿವನಸಮುದ್ರದಿಂದ ಶುರುಮಾಡುತ್ತೇವೆ. ಅಲ್ಲಿಂದ ಹೊರಟ ತಂತಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಹಳ್ಳಿಗಳ ಸರದಿ ಬರಲು ದಶಕಗಳೇ ಹಿಡಿದವು. ಶಿವನಸಮುದ್ರಕ್ಕೆ ಹೆಚ್ಚು ದೂರವಿಲ್ಲದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಕಥೆಯಂತೂ ಬೇರೆಯೇ. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕಾಡಿನೊಳಗೆ ಕಂಬ ನೆಡಲು ಕೇಂದ್ರದ ಅನುಮತಿಯೇ ಬೇಕಾಯಿತು. ಕಾಯ್ದೆ ತಪ್ಪೆಂದು ನಾನು ಹೇಳಲಾರೆ. ಜೋತುಬಿದ್ದ ತಂತಿ ತಾಗಿ ಸತ್ತ ಆನೆಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆದರೆ ಕತ್ತಲೆ ಯಾರ ಪಾಲಿಗೆ ಉಳಿಯಿತು? ರಾತ್ರಿ ಮಗುವನ್ನು ಬಯಲಿಗೆ ಕರೆದೊಯ್ಯುವ ತಾಯಿ, ಪೊದೆಯ ಹಿಂದೆ ಆನೆ ನಿಂತಿದೆಯೋ ಎಂದು ಕಿವಿಯಿಂದಲೇ ನೋಡಬೇಕಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ವಿದ್ಯುತ್ ತಂತಿಗೂ ದಾರಿ ಮಾಡಿತು. ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯಬಾರದು, ಗ್ರಾಮಸಭೆ ಒಪ್ಪಬೇಕು ಎಂಬ ಷರತ್ತಿನ ಮೇಲೆ.

ಬಿಸಿಲಿನ ದೀಪಕ್ಕೆ ಕಂಬ ಬೇಡ, ಮರ ಕಡಿಯುವುದೂ ಬೇಡ. ಬಿಸಿಲನ್ನು ಕರೆಂಟು ಮಾಡುವ ಸಿಲಿಕಾನ್ ಬಿಲ್ಲೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದ್ದು 1954ರಲ್ಲಿ. ಅದು ಬಡವರ ಸೂರಿಗಿಂತ ಮೊದಲು ಆಕಾಶದ ಉಪಗ್ರಹಕ್ಕೆ ಏರಿತು ಎನ್ನುವುದು ತಮಾಷೆಯಾಗಿದೆ. ನಮ್ಮ ನಾಡಿನಲ್ಲಿ ಹರೀಶ್ ಹಂದೆ, ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಸೆಲ್ಕೋ ಸಂಸ್ಥೆ ಕಟ್ಟಿದ್ದು 1995ರಲ್ಲಿ. ಬಡವರು ದುಡ್ಡು ಕೊಡಲಾರರು ಎಂಬುದನ್ನು ಹಂದೆಯವರು ಒಪ್ಪಲಿಲ್ಲ. ತಿಂಗಳಿಗೆ 300 ರೂಪಾಯಿ ಕಷ್ಟವೆನ್ನುವ ಬೀದಿ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಸುಲಭ ಎಂಬುದನ್ನು ಅವರು ಕಲಿತರು. ಚೀಟಿ ಕಟ್ಟುವ ನಮಗೆ ಇದೇನೂ ಹೊಸದಲ್ಲ! ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥವು ದೀಪಕ್ಕೂ ಸಾಲ ಕೊಟ್ಟವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಮನೆಗೂ 1999ರಲ್ಲಿ ಎರಡು ದೀಪದ ಸೋಲಾರ್ ಬಂತು. ಒಂದು ಪಡಸಾಲೆಗೆ, ಒಂದು ಜಗುಲಿಗೆ ಎಂದು ಗಂಡಸರು ತೀರ್ಮಾನಿಸಿದರು. ಅವ್ವನನ್ನು ಯಾರೂ ಕೇಳಲಿಲ್ಲ. ಬಿ.ಎಡ್. ಓದಿ ಟೀಚರಾಗಿದ್ದ ನಾನೂ ಕೇಳಲಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಮಾಳಿಗೆ ಹತ್ತಿ ಫಲಕದ ಧೂಳು ಒರೆಸುವುದು ಮಾತ್ರ ಅವಳ ಪಾಲಿಗೆ ಬಂತು. ಒಂದು ದಿನ ಒಲೆ ಮುಂದೆ ಕೂತೇ ಹೇಳಿದಳು, "ನೀರು ಕುಡಿಸೋಳು ನಾನು, ಬೆಳಕು ನಿಮಗೆ." ಅಪ್ಪ ಮಾತಾಡಲಿಲ್ಲ. ಮರುದಿನ ಜಗುಲಿಯ ದೀಪ ಬಿಚ್ಚಿ ಅಡುಗೆಮನೆಗೆ ಹಾಕಿಸಿದರು. ಜಗುಲಿಯಲ್ಲಿ ಇಸ್ಪೀಟು ಆಡುತ್ತಿದ್ದವರಿಗೆ ಸ್ವಲ್ಪ ಬೇಸರವಾಗಿರಬೇಕು.

ಅವ್ವ ಹಾಕಿದ ಆ ನೀರೇ ಈ ವಿದ್ಯೆಯ ಗುಟ್ಟು. ಫಲಕ ಇಪ್ಪತ್ತು ವರ್ಷ ಬಾಳುತ್ತದೆ, ಬ್ಯಾಟರಿ ನಾಲ್ಕೈದು ವರ್ಷ; ಆರೈಕೆ ಇಲ್ಲದಿದ್ದರೆ ಅಷ್ಟೂ ಇಲ್ಲ. ಪುಕ್ಕಟೆ ಕೊಟ್ಟುಹೋದ ದೀಪಗಳು ರಿಪೇರಿಗೆ ಜನವಿಲ್ಲದೆ ಆರಿಹೋದದ್ದು ಕಾಡಂಚಿನ ಊರುಗಳಲ್ಲಿ ಹೊಸ ಸಂಗತಿಯಲ್ಲ. ಸೆಲ್ಕೋದವರ ಇನ್ನೊಂದು ಉಪಾಯ ಟೀಚರಾಗಿ ನನಗೆ ಬಹಳ ಹಿಡಿಸಿತು. ಶಾಲೆಯ ಸೂರಿನ ಮೇಲೆ ಫಲಕ, ಮಗುವಿನ ಕೈಗೆ ಪುಟ್ಟ ಬ್ಯಾಟರಿ. ಶಾಲೆಗೆ ತಂದರೆ ಚಾರ್ಜು, ತರದಿದ್ದರೆ ರಾತ್ರಿ ಮನೆ ಕತ್ತಲು. ತಾಯಂದಿರೇ ಮಕ್ಕಳನ್ನು ಶಾಲೆಗೆ ಅಟ್ಟುವುದಕ್ಕೆ ಇಷ್ಟು ಸಾಕಲ್ಲವೇ?

2015ರಲ್ಲಿ ನಮ್ಮ ದುರ್ಗದ ಜೋಗಿಮಟ್ಟಿಯೂ ವನ್ಯಜೀವಿಧಾಮವಾಯಿತು. ಆ ಕಡೆಯ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಆಚೆ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು. ಅಷ್ಟೊಂದು ಕರೆಂಟು ಎಲ್ಲಿಗೆ ಹೋಗುತ್ತದೆ ಎಂದುಕೊಂಡಾಗೆಲ್ಲ ನನಗೆ ಆ ಕೋಲಾರದ ತಂತಿ ನೆನಪಾಗುತ್ತದೆ.

ಅವ್ವ ಈಗಿಲ್ಲ. ಮಾಳಿಗೆಯ ಫಲಕ ಇನ್ನೂ ಇದೆ, ಬ್ಯಾಟರಿ ನಾಲ್ಕು ಸಲ ಬದಲಾಗಿದೆ. ಗೂಡಿನಲ್ಲಿ ಉಪ್ಪಿನ ಡಬ್ಬಿ ಇಟ್ಟಿದ್ದೇವೆ.