ಔಷಧದಾನ ಮತ್ತು ರೋಗಿಯ ಋಣಭಾರ

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ವತಂತ್ರ ಸ್ಥಾನವನ್ನಿತ್ತುದು ಜೈನಧರ್ಮದ ವೈಶಿಷ್ಟ್ಯವಾಗಿದೆ. ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ಸಂಸ್ಕೃತದಲ್ಲಿ ನಿರೂಪಿಸಿದರು. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿಯೇ ರಚಿಸಿದನು. ವೈದ್ಯವಿದ್ಯೆ ಹೀಗೆ ಬೆಳೆದರೂ ಚಿಕಿತ್ಸೆಯ ವೆಚ್ಚವನ್ನು ಭರಿಸಬೇಕಾದವರು ಯಾರೆಂಬ ಪ್ರಶ್ನೆ ಉಳಿದೇ ಇದೆ.

ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯುಳ್ಳ ಹೆಗ್ಗೆರೆ ಹೊಸದುರ್ಗ ತಾಲೂಕಿನಲ್ಲಿದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ತಾಲೂಕುಗಳ ಬಹುಪಾಲು ಬೇಸಾಯವು ಮಳೆಯನ್ನೇ ನಂಬಿದುದು. ಇಲ್ಲಿನ ರೋಗಿಯು ದೊಡ್ಡ ಶಸ್ತ್ರಚಿಕಿತ್ಸೆಗಾಗಿ ದಾವಣಗೆರೆಗೋ ಬೆಂಗಳೂರಿಗೋ ಹೋಗಬೇಕಾಗುತ್ತಿತ್ತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ಕಾರ್ಖಾನೆಯ ಕಾರ್ಮಿಕರಿಗೆ ಆಸರೆಯಾಯಿತು. ಶೇಂಗಾ ಬೆಳೆಯುವ ರೈತನೂ ಸಣ್ಣ ಅಂಗಡಿಕಾರನೂ ಅದರ ಹೊರಗುಳಿದರು. ಅವರ ಪಾಲಿಗೆ ವಿಮೆಯೆಂದರೆ ಹೆಂಡತಿಯ ಮೈಮೇಲಿನ ಒಡವೆ, ಇಲ್ಲವೇ ಹಿರಿಯರಿಂದ ಬಂದ ಹೊಲ. ರೋಗವು ವಾಸಿಯಾದ ಮೇಲೂ ಸಾಲವು ವಾಸಿಯಾಗುತ್ತಿರಲಿಲ್ಲ.

2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಈ ಸ್ಥಿತಿಗೆ ಹೊಸ ಪರಿಹಾರವನ್ನು ತೋರಿಸಿತು. ಹೃದ್ರೋಗತಜ್ಞ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನು ವರ್ಷಕ್ಕೆ 60 ರೂಪಾಯಿ ವಂತಿಗೆ ನೀಡಿದರೆ ನಿಗದಿತ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ದೊರೆಯುತ್ತಿತ್ತು. ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನರು ಸೇರಿದರು. ಆರೋಗ್ಯವಂತನ ವಂತಿಗೆಯು ರೋಗಿಯ ಕೈಹಿಡಿಯಿತು. ಪಡೆದವನು ಯಾರ ಮುಂದೆಯೂ ತಲೆತಗ್ಗಿಸಬೇಕಾಗಲಿಲ್ಲ.

2018ರಲ್ಲಿ ಯಶಸ್ವಿನಿಯು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. ಅದರಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಕಲ್ಪಿಸಲಾಯಿತು. ಉಳಿದವರಿಗೆ ನಿಗದಿತ ದರದ ಶೇ. 30ರಷ್ಟನ್ನು ಮಾತ್ರ ಸರಕಾರ ಭರಿಸುವುದೆಂದಾಯಿತು, ಮಿಕ್ಕ ಶೇ. 70 ಕುಟುಂಬದ ಹೊಣೆಯೇ ಆಯಿತು. ಬಡವನೆಂಬ ಚೀಟಿಯೂ ಇಲ್ಲದ, ಸಿರಿವಂತಿಕೆಯೂ ಇಲ್ಲದ ಅಂಗಡಿಕಾರನು ಮತ್ತೆ ನಡುವೆ ಸಿಲುಕಿದನು. ಯಶಸ್ವಿನಿಯ ಸೌಲಭ್ಯವು 2023ರ ಜನವರಿಯಿಂದ ಪುನಃ ದೊರೆಯತೊಡಗಿದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬದ ವಂತಿಗೆ 500 ರೂಪಾಯಿಯಾಗಿತ್ತು.

ಆದರೆ ಈ ಯೋಜನೆಗಳ ಆಸರೆಯು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಸಕ್ಕರೆ ಕಾಯಿಲೆಯ ನಿತ್ಯದ ಮಾತ್ರೆ, ಪರೀಕ್ಷೆಯ ಶುಲ್ಕ, ರೋಗಿಯೊಡನೆ ಹೋದವರ ಬಸ್ಸಿನ ಖರ್ಚು, ಕಳೆದುಹೋದ ಕೂಲಿ ಇವೆಲ್ಲ ಮನೆಯವರ ಮೇಲೆಯೇ ಬೀಳುತ್ತವೆ. ಇಲ್ಲಿಯೇ ಔಷಧದಾನಕ್ಕೆ ಇಂದಿನ ಅರ್ಥವಿದೆ. ಬಸದಿಯ ಟ್ರಸ್ಟುಗಳು ಪಂಚಕಲ್ಯಾಣ ಮಹೋತ್ಸವಕ್ಕೆ ಹಣ ತೆಗೆದಿರಿಸುವಂತೆ ಔಷಧನಿಧಿಯೊಂದನ್ನು ತೆಗೆದಿರಿಸಬಹುದು. ವಂತಿಗೆ ಕಟ್ಟಲಾರದ ಕುಟುಂಬದ ಪರವಾಗಿ ಸದ್ದಿಲ್ಲದೆ ಕಟ್ಟಬಹುದು. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಶ್ರಾವಕನ ಉಳಿತಾಯವು ನೆರೆಯವನ ಹೊಲವನ್ನು ಉಳಿಸಿದರೆ, ಅಣುವ್ರತವು ಆಚರಣೆಯಲ್ಲಿ ಸಾರ್ಥಕವಾದಂತೆ.