ಅಂಡವಾಯು: ಬಾಯಿಬಿಟ್ಟು ಹೇಳದ ನೋವಿನ ಚರಿತ್ರೆ

ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾಲೆ, ಬಾಳೆ ಎಲೆ, ಕರಿಬೇವು, ಫಿಲ್ಟರ್ ಕಾಫಿಪುಡಿ ಎಲ್ಲವೂ ಸಿಗುತ್ತವೆ. ದಕ್ಷಿಣದಿಂದ ಬಂದ ಕುಟುಂಬಗಳು ದಶಕಗಳಿಂದ ನೆಲೆಸಿರುವ ಬಡಾವಣೆ ಇದು. ಹೆಸರಿನಲ್ಲಿರುವ ‘ಲೇಕ್’ ತಾನಾಗಿ ಹುಟ್ಟಿದ ಕೆರೆಯಲ್ಲ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಇಲ್ಲಿನ ಜೌಗುನೆಲದಲ್ಲಿ ಕೆರೆ ತೋಡಿಸಿ, ಆ ಮಣ್ಣಿನಿಂದ ಸುತ್ತಲಿನ ತಗ್ಗು ತುಂಬಿಸಿತು. 1958ರಲ್ಲಿ ಅದಕ್ಕೆ ರವೀಂದ್ರ ಸರೋವರ ಎಂದು ಹೆಸರಾಯಿತು.

ನಿಂತ ನೀರು, ಸೊಳ್ಳೆ, ಸೆಕೆ ಇರುವ ಊರುಗಳಲ್ಲಿ ಗಂಡಸರು ಬಹುಕಾಲ ಒಂದು ಕಾಯಿಲೆಯನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡೇ ಬದುಕಿದರು. ವೃಷಣದ ಸುತ್ತ ನೀರು ತುಂಬಿ ಊದಿಕೊಳ್ಳುವ ಈ ತೊಂದರೆಗೆ ಬಂಗಾಳಿಯಲ್ಲಿ ‘ಏಕ್‌ಶಿರಾ’ ಎನ್ನುತ್ತಾರೆ. ಕನ್ನಡದ ಮಾತು ‘ಅಂಡವಾಯು’. ಒಬ್ಬರಿಗೆ ಕಾಣಿಸಿದ್ದು ಸಿರೆ, ಇನ್ನೊಬ್ಬರಿಗೆ ವಾಯು. ಅದಕ್ಕೂ ಬಹಳ ಹಿಂದೆ ಸುಶ್ರುತ ಸಂಹಿತೆ ಈ ಊತಗಳನ್ನು ‘ವೃದ್ಧಿ’ ಎಂದು ಕರೆದು ಏಳು ಬಗೆಯಾಗಿ ವಿಂಗಡಿಸಿತ್ತು. ನೀರು ತುಂಬಿದ್ದು ಬೇರೆ, ಕರುಳು ಇಳಿದದ್ದು ಬೇರೆ ಎಂಬ ವಿವೇಕ ಅಲ್ಲಿತ್ತು. ಆಡುಮಾತಿನ ಅಂಡವಾಯುವಿನಲ್ಲಿ ಎರಡೂ ಒಂದೇ ಆದವು.

ಆ ನೋವು ಚರಿತ್ರೆಯ ಪುಟಕ್ಕೆ ಬಂದದ್ದು ಕಲ್ಕತ್ತೆಯಿಂದ ಸುಮಾರು 40 ಕಿಲೋಮೀಟರ್ ದೂರದ ಹೂಗ್ಲಿಯಲ್ಲಿ. 1845ರ ಏಪ್ರಿಲ್ 4ರಂದು ಮಾಧಬ್ ಕೌರಾ ಎಂಬ ಕೈದಿಯನ್ನು ಆಸ್ಪತ್ರೆಗೆ ತಂದರು. ಅವನ ಎರಡೂ ಕಡೆ ನೀರು ತುಂಬಿತ್ತು. ಸ್ಕಾಟ್ಲೆಂಡಿನ ಸರ್ಜನ್ ಜೇಮ್ಸ್ ಎಸ್ಡೇಲ್ ಒಂದು ಕಡೆಯ ನೀರು ತೆಗೆದು, ಆಗಿನ ಪದ್ಧತಿಯಂತೆ ಒಳಗೆ ಉರಿಯುವ ದ್ರಾವಣ ಹಾಕಿದರು. ಕೈದಿ ನೋವಿನಿಂದ ಒದ್ದಾಡಿದ. ಈಥರ್, ಕ್ಲೋರೋಫಾರ್ಮ್ ಇನ್ನೂ ಬಂದಿರಲಿಲ್ಲ. ಎಸ್ಡೇಲ್ ಮೆಸ್ಮರಿಸಂ ಬಗ್ಗೆ ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಆದರೂ ರೋಗಿಯ ಮೈಮೇಲೆ ಕೈಯಾಡಿಸುತ್ತ ಪ್ರಯತ್ನಿಸಿದರು. ಕೈದಿ ಮಂಪರಿಗೆ ಜಾರಿದ. ಸೂಜಿ ಚುಚ್ಚಿದರೂ ಬೆಂಕಿ ತಾಗಿಸಿದರೂ ಅಲುಗಲಿಲ್ಲ ಎಂದು ವೈದ್ಯರು ಬರೆದಿಟ್ಟರು.

ಸುದ್ದಿ ಹಬ್ಬಿ ರೋಗಿಗಳು ಬರತೊಡಗಿದರು. ಅವರಲ್ಲಿ ಅನೇಕರು ಹತ್ತಾರು ಕಿಲೋ ತೂಕದ ವೃಷಣಚೀಲದ ಗಡ್ಡೆ ಹೊತ್ತವರು. 1846ರಲ್ಲಿ ಸರ್ಕಾರ ಒಂದು ಸಮಿತಿ ನೇಮಿಸಿತು. ಕಲ್ಕತ್ತೆಯಲ್ಲಿ ಮೆಸ್ಮರಿಕ್ ಆಸ್ಪತ್ರೆಯೂ ತೆರೆಯಿತು. ಆ ಮಂಪರು ಎಷ್ಟು ನಿಜ ಎಂಬ ವಾದ ಆಗಲೇ ಶುರುವಾಗಿತ್ತು. ಆದರೆ ಗಡ್ಡೆಗಳ ತೂಕದ ಬಗ್ಗೆ ವಾದವಿರಲಿಲ್ಲ. ಅಷ್ಟು ದೊಡ್ಡದಾಗಲು ವರ್ಷಗಟ್ಟಲೆ ಬೇಕು. ಅಷ್ಟು ವರ್ಷ ಅವರು ಕಾದಿದ್ದರು: ಕೊಯ್ಯುವ ಭಯ ಒಂದು, ತೋರಿಸುವ ನಾಚಿಕೆ ಇನ್ನೊಂದು.

ಕಾರಣ ಸಿಕ್ಕಲು ಮತ್ತೆ ಮೂರು ದಶಕ ಬೇಕಾಯಿತು. 1863ರಲ್ಲಿ ಪ್ಯಾರಿಸ್ಸಿನಲ್ಲಿ ಡೆಮಾರ್ಕೆ ಇಂಥದೇ ಊತದ ನೀರಿನಲ್ಲಿ ಸಣ್ಣ ಹುಳುಗಳನ್ನು ಕಂಡರು. 1872ರಲ್ಲಿ ಕಲ್ಕತ್ತೆಯಲ್ಲಿ ಟಿಮೊಥಿ ಲೂಯಿಸ್ ಅವನ್ನು ಮನುಷ್ಯನ ರಕ್ತದಲ್ಲೇ ಗುರುತಿಸಿದರು. 1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೊಳ್ಳೆಯ ಪಾತ್ರ ತೋರಿಸಿದರು. ಅದು ಫೈಲೇರಿಯಾ, ನಮ್ಮ ಆನೆಕಾಲು ರೋಗ. ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುತ್ತದೆ. ಕರಾವಳಿಯ ಹಳಬರಿಗೂ ಕಲಬುರಗಿ, ಬೀದರ್ ಕಡೆಯವರಿಗೂ ಈ ರೋಗದ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. 1955ರಿಂದ ದೇಶದಲ್ಲಿ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮವಿದೆ. ನೀರು ತುಂಬಿದ ಊತವನ್ನು ಈಗ ಸಾಮಾನ್ಯ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ.

ಆದರೆ ನಿಧಾನದ ಆ ರೋಗ ಕಲಿಸಿದ ಕಾಯುವ ಚಾಳಿ ಹೋಗಿಲ್ಲ. ಇಂದಿಗೂ ಹುಡುಗರು ‘ಕಿಬ್ಬೊಟ್ಟೆ ನೋವು’ ಎಂದು ಹೇಳಿ ಮಾತ್ರೆ ನುಂಗಿ ಮಲಗುತ್ತಾರೆ. ಎಲ್ಲ ನೋವೂ ಕಾಯುವುದಿಲ್ಲ. ವೃಷಣವು ತನ್ನನ್ನು ಹಿಡಿದಿರುವ ನಾಳದ ಮೇಲೆ ತಿರುಚಿಕೊಂಡರೆ ರಕ್ತ ನಿಲ್ಲುತ್ತದೆ. ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಇದು ಹೆಚ್ಚು, ನಿದ್ದೆಯಲ್ಲೂ ಆಗಬಹುದು. ಇದ್ದಕ್ಕಿದ್ದಂತೆ ಒಂದೇ ಕಡೆ ತೀವ್ರ ನೋವು, ವಾಂತಿ, ವೃಷಣ ಮೇಲಕ್ಕೆ ಎಳೆದುಕೊಂಡಂತೆ ಕಾಣುವುದು ಇದರ ಗುರುತು. ಕೆಲವೊಮ್ಮೆ ನೋವು ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ವೃಷಣ ಹೆಚ್ಚಾಗಿ ಉಳಿಯುತ್ತದೆ. 24 ಗಂಟೆ ಕಳೆದರೆ ಉಳಿಯುವುದು ಅಪರೂಪ. ನೋವು ತಾನಾಗಿ ನಿಂತರೂ ತೋರಿಸಬೇಕು, ಮತ್ತೆ ತಿರುಚಬಹುದು.

ಸೋಂಕಿನ ನೋವು ಸಾಮಾನ್ಯವಾಗಿ ದಿನಗಳಲ್ಲಿ ಏರುತ್ತದೆ. ಜ್ವರ, ಉರಿಮೂತ್ರ ಜೊತೆಗಿರಬಹುದು. ಮಂಗನಬಾವು ಬಂದ ನಂತರವೂ ವೃಷಣ ಊದಬಹುದು. ಕಿಡ್ನಿಯ ಕಲ್ಲಿನ ನೋವು ಕೆಳಗಿಳಿದು ಅಲ್ಲಿ ಕಾಣಿಸಿಕೊಳ್ಳಬಹುದು. ಇಳಿದ ಕರುಳು ಒಳಗೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ ಅದೂ ತುರ್ತು. ನೋವೇ ಇಲ್ಲದ ಗಟ್ಟಿ ಗಂಟನ್ನೂ ಕಡೆಗಣಿಸಬಾರದು; ಯುವಕರಲ್ಲಿ ಅದು ಕ್ಯಾನ್ಸರ್ ಇರಬಹುದು. ಇವುಗಳಲ್ಲಿ ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸಲಾಗದು.

ಮಾಧಬ್ ಕೌರಾನ ಕಾಲದಲ್ಲಿ ಕಾಯಲು ಕಾರಣಗಳಿದ್ದವು: ಅರಿವಳಿಕೆ ಇರಲಿಲ್ಲ, ಕಾರಣ ಗೊತ್ತಿರಲಿಲ್ಲ. ಈಗ ಎರಡೂ ಇವೆ. ಉಳಿದಿರುವುದು ನಾಚಿಕೆಯೊಂದೇ. ಮಧ್ಯರಾತ್ರಿ ಹುಡುಗನೊಬ್ಬ ಅಪ್ಪನನ್ನೋ ಅಮ್ಮನನ್ನೋ ಎಬ್ಬಿಸಿ ‘ಇಲ್ಲಿ ನೋಯ್ತಿದೆ’ ಎಂದು ಹೇಳುವಷ್ಟು ಸಲಿಗೆ ಮನೆಯಲ್ಲಿದ್ದರೆ, ಆ 6 ಗಂಟೆ ಸಾಕಾಗುತ್ತದೆ.