ಕ್ರೋಂಪೇಟೆಯ ಮನೆಯಲ್ಲಿ ಬೆಂಗಳೂರಿನ ಹಾಕ್

ನಮ್ಮ ಮನೆಯಲ್ಲಿ ಎರಡು ಇಸ್ತ್ರಿಪೆಟ್ಟಿಗೆಗಳಿವೆ. ಒಂದು ಬಟ್ಟೆಗೆ, ಇನ್ನೊಂದು ವಿಮಾನಕ್ಕೆ. ಮೊದಲು ಒಂದೇ ಇತ್ತು. ಒಂದು ಯುಗಾದಿಯ ಬೆಳಿಗ್ಗೆ ನಮ್ಮವರ ಬಿಳಿ ಪಂಚೆಯ ಮೇಲೆ ಹಸಿರು ಬಣ್ಣದ ಪ್ಲಾಸ್ಟಿಕ್ ಹಾಳೆಯ ಚೂರು ಕರಗಿ ಮೆತ್ತಿಕೊಂಡ ಮೇಲೆ ಎರಡನೆಯದು ಬಂತು. ಆ ಹಸಿರು ಹಾಳೆ ಒಂದು ಹಳೇ ಯುದ್ಧವಿಮಾನದ ರೆಕ್ಕೆಗೆ ಹೊದಿಸಲು ತಂದದ್ದು. ವಿಮಾನದ ಹೆಸರು ಕರ್ಟಿಸ್ ಹಾಕ್. ಗಾತ್ರ ಅಸಲಿನ ಆರನೇ ಒಂದು ಭಾಗ. ಕಟ್ಟಲು ಶುರು ಮಾಡಿದವರು ನನ್ನ ಅಪ್ಪ, ಮುಗಿಸಿದವನು ನನ್ನ ಮಗ. ನಡುವೆ ಇಸ್ತ್ರಿ ಹಾಕಿದವಳು ನಾನು. ಹೀಗಾಗಿ ಈ ಸಲದ ಸ್ಮರಣ ಸಂಚಿಕೆಗೆ ಅಡುಗೆ, ಹಬ್ಬ ಬಿಟ್ಟು ವಿಮಾನದ ವಿಷಯ ಬರೆಯುತ್ತಿದ್ದೇನೆ. ಸಖಿಯರು ಬೇಸರ ಮಾಡಿಕೊಳ್ಳಬಾರದು.

ಕ್ರೋಂಪೇಟೆಯಲ್ಲಿ ಇರುವವರಿಗೆ ವಿಮಾನ ಹೊಸದಲ್ಲ. ಒಂದು ಕಡೆ ಮೀನಂಬಾಕ್ಕಂ ನಿಲ್ದಾಣ, ಇನ್ನೊಂದು ಕಡೆ ತಾಂಬರಂ ವಾಯುಪಡೆ ನೆಲೆ. ತಾರಸಿಯ ಮೇಲೆ ಹಪ್ಪಳ ಒಣಹಾಕುವಾಗ ತಲೆಯ ಮೇಲೆ ಗುಡುಗಿದರೆ ಯಾರೂ ಕತ್ತೆತ್ತುವುದಿಲ್ಲ. ಊರಿಗೆ ಹೆಸರು ಬಂದದ್ದು ಮಾತ್ರ ಆಕಾಶದಿಂದಲ್ಲ, ಚರ್ಮದಿಂದ. ಇಲ್ಲಿದ್ದ ಕ್ರೋಮ್ ಲೆದರ್ ಕಾರ್ಖಾನೆಯೇ ಕ್ರೋಂಪೇಟೆ ಆಯಿತು. ವಿಮಾನದ ನಂಟು ಬಂದದ್ದು 1949ರಲ್ಲಿ, ಸಿ. ರಾಜಂ ಅವರು ತಮ್ಮ ಮನೆಯನ್ನೇ ಮಾರಿ ಆ ಹಣದಿಂದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರು ಮಾಡಿದಾಗ. ನಾವೆಲ್ಲ ಎಂಐಟಿ ಅನ್ನುವುದು ಅದನ್ನೇ. ವಿಮಾನ, ಮೋಟಾರು ವಾಹನ, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಶನ್, ಆ ಕಾಲಕ್ಕೆ ಹೊಸ ವಿದ್ಯೆಗಳನ್ನೇ ಆರಿಸಿಕೊಂಡು ಬಿ.ಎಸ್ಸಿ. ಮುಗಿಸಿದವರಿಗೆ ಕಲಿಸಿದರು. 1978ರಿಂದ ಅದು ಅಣ್ಣಾ ವಿಶ್ವವಿದ್ಯಾಲಯದ ಭಾಗ.

ಅಬ್ದುಲ್ ಕಲಾಂ ಅವರು ಓದಿದ್ದು ಇಲ್ಲೇ, 1950ರ ದಶಕದ ನಡುವಿನಲ್ಲಿ. ಕಾಲೇಜಿನಲ್ಲಿ ಸೇವೆ ಮುಗಿಸಿದ ಎರಡು ವಿಮಾನಗಳನ್ನು ಹುಡುಗರಿಗೆ ತೋರಿಸಲು ಇಟ್ಟಿದ್ದರಂತೆ. ಮಿಕ್ಕವರು ಹಾಸ್ಟೆಲಿಗೆ ಹೋದ ಮೇಲೂ ತಾವು ಅವುಗಳ ಹತ್ತಿರ ಕೂತಿರುತ್ತಿದ್ದುದನ್ನು ಅವರು ‘ವಿಂಗ್ಸ್ ಆಫ್ ಫೈರ್’ನಲ್ಲಿ ನೆನೆದಿದ್ದಾರೆ. ಕೊನೆಯ ವರ್ಷ ಅವರ ತಂಡಕ್ಕೆ ಕೊಟ್ಟ ಕೆಲಸ, ತಗ್ಗಿನಲ್ಲಿ ಹಾರಿ ದಾಳಿ ಮಾಡುವ ಯುದ್ಧವಿಮಾನದ ವಿನ್ಯಾಸ. ಕೆಲಸ ಹಿಂದೆ ಬಿದ್ದಾಗ ಪ್ರೊಫೆಸರ್ ಶ್ರೀನಿವಾಸನ್ ಅವರು ಮೂರೇ ದಿನ ಗಡುವು ಕೊಟ್ಟು, ಆಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂದದ್ದು, ಇವರು ರಾತ್ರಿಯೆಲ್ಲ ಡ್ರಾಯಿಂಗ್ ಬೋರ್ಡಿನ ಮುಂದೆ ಕಳೆದದ್ದು ಬಹಳ ಜನಕ್ಕೆ ಗೊತ್ತು. ನನಗೆ ಅದಕ್ಕಿಂತ ಮನಸ್ಸಿನಲ್ಲಿ ನಿಂತದ್ದು ಅದಕ್ಕೂ ಮುಂಚಿನ ಮಾತು. ಇಲ್ಲಿ ಸೇರಲು ಸುಮಾರು ಸಾವಿರ ರೂಪಾಯಿ ಬೇಕಿತ್ತು. ಅಷ್ಟು ಹಣ ತಂದೆಯ ಕೈಯಲ್ಲಿರಲಿಲ್ಲ. ಅಕ್ಕ ಜೊಹರಾ ತನ್ನ ಚಿನ್ನದ ಬಳೆ, ಸರ ಅಡವಿಟ್ಟು ಕೊಟ್ಟಳು. ನಮ್ಮ ಜಿಎಸ್‌ಟಿ ರಸ್ತೆಯಲ್ಲಿ ಆ ಗೇಟಿನ ಮುಂದೆ ಬಸ್ಸಿಗೆ ಕಾಯುವಾಗೆಲ್ಲ ನನಗೆ ರಾಕೆಟ್ಟು ನೆನಪಾಗುವುದಿಲ್ಲ, ಆ ಬಳೆಗಳೇ ನೆನಪಾಗುತ್ತವೆ.

ಕಲಾಂ ಇಲ್ಲಿಂದ ತರಬೇತಿಗೆ ಹೋದದ್ದು ಬೆಂಗಳೂರಿನ ಎಚ್‌ಎಎಲ್‌ಗೆ. ಎಂಜಿನ್ ಬಿಚ್ಚಿ ಜೋಡಿಸುವ ವಿಭಾಗಕ್ಕೆ. ನಾನು ಬಂದದ್ದು ಅದರ ತದ್ವಿರುದ್ಧ ದಾರಿಯಲ್ಲಿ, ಎಚ್‌ಎಎಲ್ ನೌಕರರ ಮಗಳಾಗಿ ವಿಮಾನಪುರದಿಂದ ಮದುವೆಯಾಗಿ ಕ್ರೋಂಪೇಟೆಗೆ.

ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರ್ 23ರಂದು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಹಟ, ಮೈಸೂರು ಸಂಸ್ಥಾನದ ಜಾಗ ಮತ್ತು ಪಾಲುಬಂಡವಾಳ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಉತ್ಸಾಹ ಮೂರೂ ಸೇರಿ ಆದದ್ದು. 1941ರ ಆಗಸ್ಟ್‌ನಲ್ಲಿ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ ಹಾರಿತು. ಅದರ ಬೆನ್ನಿಗೆ, 1942ರ ಜುಲೈ 31ರಂದು, ಅಲ್ಲಿಂದ ಮೊದಲ ಯುದ್ಧವಿಮಾನ ಮೇಲೆದ್ದಿತು. ಅದೇ ಹಾಕ್. ಮುಂದೆ ಒಂಬತ್ತು ಸಿಲಿಂಡರಿನ ದುಂಡನೆಯ ಎಂಜಿನ್, ಗಿಡ್ಡ ಮೂಗು, ದಪ್ಪ ಮೈ. ಬೇಡಿಕೆ ಇದ್ದದ್ದು 48 ವಿಮಾನಗಳಿಗೆ. ಮುಗಿದದ್ದು ಐದು. ಯುದ್ಧ ನಮ್ಮ ಬಾಗಿಲಿಗೆ ಬಂದಿತ್ತು, ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟ ವಿಮಾನ ರಿಪೇರಿ ಮಾಡುವುದು ತುರ್ತಾಯಿತು. ಹೀಗೆ ಐದಕ್ಕೇ ನಿಂತ ಸಾಲನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಸ್ಪಿಟ್‌ಫೈರ್ ಎಂದರೆ ಮಕ್ಕಳೂ ಗುರುತು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಕಟ್ಟಿದ ಹಾಕ್ ಎಂದರೆ ಬೆಂಗಳೂರಿನವರೇ ಹುಬ್ಬೇರಿಸುತ್ತಾರೆ.

ಅಪ್ಪನೂ ಹಾಕ್ ಕಂಡವರಲ್ಲ. ಅವರ ಸೇವೆ ಶುರುವಾದದ್ದು ಮಾರುತ್ ಕಾಲದಲ್ಲಿ. ಜರ್ಮನಿಯ ಫೋಕೆ-ವುಲ್ಫ್ 190 ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದು ಮಾರುತ್ ವಿನ್ಯಾಸಕ್ಕೆ ಕೈಹಚ್ಚಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಹಾರಿಸಿದರು. ಒಟ್ಟು 147 ಮಾರುತ್‌ಗಳು ತಯಾರಾದವು. ಅದಕ್ಕೂ ಮುಂಚೆ, 1959ರಲ್ಲಿ, ಅದೇ ಅಳತೆಯ ಒಂದು ಮರದ ವಿಮಾನ ಮಾಡಿದ್ದರು. ಅದಕ್ಕೆ ಎಂಜಿನ್ ಇರಲಿಲ್ಲ. ಡಕೋಟ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದೊಯ್ದು ಮೇಲೆ ಬಿಟ್ಟು, ಆಕಾರ ಸರಿಯಿದೆಯೇ, ಮಾತು ಕೇಳುತ್ತದೆಯೇ ಎಂದು ನೋಡುತ್ತಿದ್ದರು. “ಮಾಡೆಲ್ ವಿಮಾನ ಹುಡುಗರಾಟ ಅಂತೀಯಲ್ಲ, ನಾವು ಜೆಟ್ ಮಾಡೋ ಮುಂಚೆ ಮಾಡಿದ್ದೂ ಮರದ ಮಾಡೆಲ್ಲೇ ಕಣಮ್ಮ” ಎಂದು ಅಪ್ಪ ಅಮ್ಮನ ಮೇಲೆ ರೇಗುತ್ತಿದ್ದರು. ಹಾಗಿದ್ದರೆ ಮಾರುತ್ತನ್ನೇ ಯಾಕೆ ಕಟ್ಟಲಿಲ್ಲ ಎಂದರೆ ಕಾರಣ ಸರಳ. ಜೆಟ್ ಮಾದರಿಗೆ ಪುಟ್ಟ ಟರ್ಬೈನ್ ಬೇಕು, ಇಲ್ಲವೇ ಮೈಯೊಳಗೆ ಕೂರುವ ವೇಗದ ಫ್ಯಾನು ಬೇಕು. ಎರಡೂ ಪಿಂಚಣಿಗೆ ನಿಲುಕುವಂಥದ್ದಲ್ಲ. ಹಾಕ್‌ಗೆ ಮುಂದೊಂದು ಪ್ರೊಪೆಲ್ಲರ್ ಸಾಕು.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಮೈಸೂರು, ಮದ್ರಾಸು ಎರಡನ್ನೂ ಆಕಾಶದಲ್ಲಿ ಜೋಡಿಸಿದ ಉಷಾ ಸುಂದರಂ. ಪತಿ ವಿ. ಸುಂದರಂ ಮೈಸೂರು ಮಹಾರಾಜರ ಡಕೋಟ ವಿಮಾನದ ಪೈಲಟ್, ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆಯನ್ನು ನಡೆಸಿದವರು. ಆ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದ ಮೊದಲ ಹೆಣ್ಣುಮಗಳು ಉಷಾ. 1951ರಲ್ಲಿ ಮದ್ರಾಸ್ ಸರ್ಕಾರಕ್ಕಾಗಿ ಒಂದು ಡವ್ ವಿಮಾನ ಕೊಂಡು ತರಲು ದಂಪತಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನಿಂದ ಮುಂಬೈಗೆ 27 ಗಂಟೆಗಳಲ್ಲಿ ಹಾರಿಸಿಕೊಂಡು ಬಂದರು. ಅದು ಆಗ ದಾಖಲೆ. ನಮ್ಮ ಮದ್ರಾಸಿನ ಬ್ಲೂ ಕ್ರಾಸ್ ಶುರು ಮಾಡಿದ್ದೂ ಈ ಕುಟುಂಬವೇ. ನಾಯಿಗಳ ಆಂಬುಲೆನ್ಸ್ ನೋಡಿದಾಗ ವಿಮಾನ ನೆನಪಾಗುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ರೇಡಿಯೊ ಮೂಲಕ ಮಾದರಿ ವಿಮಾನ ಹಾರಿಸುವ ಹವ್ಯಾಸ ಎಚ್‌ಎಎಲ್‌ಗಿಂತ ಸ್ವಲ್ಪ ಹಿರಿಯದು. 1937ರಲ್ಲಿ ಅಮೆರಿಕದ ಅವಳಿ ಸೋದರರು ವಾಲ್ಟರ್ ಮತ್ತು ವಿಲಿಯಂ ಗುಡ್ ತಾವೇ ಮಾಡಿದ ರೇಡಿಯೊದಿಂದ ‘ಗಫ್’ ಎಂಬ ಮಾದರಿಯನ್ನು ನಡೆಸಿದರು. ಅದು ಈಗ ಅಲ್ಲಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ಎಷ್ಟೋ ಹುಡುಗ ಹುಡುಗಿಯರಿಗೆ ಬಾಲ್ಸಾ ಮರ ಮೊದಲು ಕೈಗೆ ಸಿಕ್ಕಿದ್ದು ಎನ್‌ಸಿಸಿಯ ಏರ್ ವಿಂಗ್‌ನಲ್ಲಿ. ಹಿಂದೆ ಒಬ್ಬೊಬ್ಬರ ರೇಡಿಯೊಗೂ ಒಂದೊಂದು ತರಂಗ, ಅದಕ್ಕೊಂದು ಪುಟ್ಟ ಕ್ರಿಸ್ಟಲ್. ಇಬ್ಬರು ಒಂದೇ ತರಂಗದಲ್ಲಿ ಸ್ವಿಚ್ ಹಾಕಿದರೆ ಮೇಲಿರುವ ವಿಮಾನ ಯಾರ ಮಾತೂ ಕೇಳದೆ ನೆಲಕ್ಕೆ. ಆದ್ದರಿಂದ ಮೈದಾನದಲ್ಲಿ ಹಲಗೆಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ ಸರದಿ ಕಾಯುತ್ತಿದ್ದರಂತೆ. ಈಗ 2.4 ಗಿಗಾಹರ್ಟ್ಸ್ ರೇಡಿಯೊಗಳು ಬಂದು ಆ ಜಗಳವಿಲ್ಲ. ಹರಳೆಣ್ಣೆ ಬೆರೆತ ಮೆಥನಾಲಿನ ಘಾಟು ಹೊಗೆ ಹೋಗಿ ಬ್ಯಾಟರಿ ಬಂತು. ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಗತಿ.

ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನ ಮನೆ ಖಾಲಿ ಮಾಡುವಾಗ ಮಂಚದ ಕೆಳಗೆ ಉದ್ದನೆಯ ಪೆಟ್ಟಿಗೆ ಸಿಕ್ಕಿತು. ಒಳಗೆ ಸುರುಳಿ ಸುತ್ತಿದ ನಕ್ಷೆ, ಎಡ ರೆಕ್ಕೆ ಪೂರ್ತಿ, ಬಲ ರೆಕ್ಕೆ ಅರ್ಧ. ರೆಕ್ಕೆಯ ಒಂದೊಂದು ರಿಬ್ಬಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡದ ಅಂಕಿ: ೧, ೨, ೩... ಬುಡದಿಂದ ತುದಿಯವರೆಗೆ. ಸೋದರರಿಗೆ ಅದು ಬೇಡವಾಗಿತ್ತು. ನಾನು ರೈಲಿನಲ್ಲಿ ಮೇಲಿನ ಬರ್ತ್ ಮೇಲಿಟ್ಟು, ಕೆಳಗೆ ರಾತ್ರಿಯೆಲ್ಲ ಎಚ್ಚರವಿದ್ದು ತಂದೆ. ಎರಡು ವರ್ಷ ಅದು ಸುಮ್ಮನಿತ್ತು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದಾಗ ಕೆಳಗಿನ ಪಾರ್ಕಿನ ಪಕ್ಕ ಆ ಎಡ ರೆಕ್ಕೆಯನ್ನು ಇಟ್ಟಿದ್ದೆ. ಪಕ್ಕದ ಮನೆಯ ಮಾಮಿ ಸುಂಡಲ್ ತಿನ್ನುತ್ತಾ, “ಇದು ಎನ್ನಮ್ಮಾ, ಮೀನು ಮುಳ್ಳಾ?” ಎಂದರು. ಆ ಮಾತು ಕೇಳಿ ನಕ್ಕ ಮಗ ಮಾರನೆಯ ದಿನವೇ ನಕ್ಷೆ ಬಿಚ್ಚಿದ.

ಲೆಕ್ಕ ನನಗೂ ಅರ್ಥವಾಗುವಂತೆ ಅವನೇ ಹೇಳಿದ. ಅಸಲು ಹಾಕ್‌ನ ರೆಕ್ಕೆಯ ಹರವು 37 ಅಡಿ 4 ಅಂಗುಲ. ಆರರಿಂದ ಭಾಗಿಸಿದರೆ ಆರು ಅಡಿಗಿಂತ ಸ್ವಲ್ಪ ಹೆಚ್ಚು. ರೆಕ್ಕೆಯ ವಿಸ್ತಾರ 236 ಚದರಡಿ. ಅದನ್ನು ಆರರಿಂದಲ್ಲ, 36ರಿಂದ ಭಾಗಿಸಬೇಕು. ಆರೂವರೆ ಚದರಡಿ ಉಳಿಯುತ್ತದೆ. ತೂಕ ಸುಮಾರು 2,500 ಕಿಲೋ. ಅದನ್ನು 216ರಿಂದ ಭಾಗಿಸಿದರೆ ಹನ್ನೊಂದೂವರೆ ಕಿಲೋ. ಇಷ್ಟು ಭಾರವಿದ್ದರೂ ಹಾರುತ್ತದೆ, ಆದರೆ ಬಹಳ ವೇಗವಾಗಿ ಇಳಿಯಬೇಕಾಗುತ್ತದೆ. ಸ್ವಲ್ಪ ನಿಧಾನಿಸಿದರೂ ರೆಕ್ಕೆಯ ತುದಿ ಮೊದಲು ಸೋತು ಒಂದು ಪಕ್ಕಕ್ಕೆ ಉರುಳಿಬೀಳುತ್ತದೆ. ಹಳೇ ಯುದ್ಧವಿಮಾನಗಳ ಮಾದರಿಗಳಿಗೆ ಇದು ಹುಟ್ಟುಗುಣ. ಹಾಗಾಗಿ ಅರ್ಧ ತೂಕದಲ್ಲಿ ಮುಗಿಸಬೇಕು. ಅದಕ್ಕೇ ಬಾಲ್ಸಾ. ನಮ್ಮದು ಕೊನೆಗೆ ಐದೂಮುಕ್ಕಾಲು ಕಿಲೋ ತೂಗಿತು. ಅದರಲ್ಲಿ ಮೂಗಿನೊಳಗೆ ತುಂಬಿದ ಸೀಸವೂ ಸೇರಿದೆ. ಗಿಡ್ಡ ಮೂಗಿನ ವಿಮಾನಕ್ಕೆ ಬಾಲ ಭಾರವಾಗುತ್ತದೆ. ರೆಕ್ಕೆಯ ಮುಂಚಿನ ಕಾಲುಭಾಗದ ಆಸುಪಾಸಿನಲ್ಲಿ ಎರಡು ಬೆರಳಿಟ್ಟು ಎತ್ತಿದರೆ ತಕ್ಕಡಿಯಂತೆ ಸಮ ನಿಲ್ಲಬೇಕು. ಅಷ್ಟು ಕಷ್ಟಪಟ್ಟು ಹಗುರ ಮಾಡಿ ಕೊನೆಗೆ ಸೀಸ ತುಂಬುವುದು ನೋಡಿ ನನಗೆ ಹೊಟ್ಟೆ ಉರಿಯಿತು.

ಚಕ್ರಗಳದ್ದು ಇನ್ನೊಂದು ಪುರಾಣ. ಅಸಲಿನಲ್ಲಿ ಅವು ಹಿಂದಕ್ಕೆ ಮಡಿಚಿಕೊಳ್ಳುವಾಗಲೇ ತೊಂಬತ್ತು ಡಿಗ್ರಿ ತಿರುಗಿ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುತ್ತವೆ. ಅದನ್ನು ಮಾಡಲು ಹೋಗಿ ಮಗ ಎರಡು ಬಾರಿ ಸೋತ. ನಮ್ಮ ಹಾಕ್‌ನ ಚಕ್ರಗಳು ಮಡಿಚುವುದಿಲ್ಲ.

ಹೊದಿಕೆ ನನ್ನ ಪಾಲಿಗೆ ಬಂತು. ಅಂಟುಬೆನ್ನಿನ ತೆಳು ಹಾಳೆಯನ್ನು ಅಂಚಿನಿಂದ ಮೆಲ್ಲಗೆ ಇಸ್ತ್ರಿ ಮಾಡುತ್ತಾ ಅಂಟಿಸಿ, ಆಮೇಲೆ ನಡುವೆ ಬಿಸಿ ತೋರಿಸಿದರೆ ಸುಕ್ಕು ಬಿಟ್ಟು ತಮಟೆಯಂತೆ ಬಿಗಿಯಾಗುತ್ತದೆ. ಬಿಸಿ ಹೆಚ್ಚಾದರೆ ತೂತು. ಒಂದೇ ಕಡೆ ಎಳೆದರೆ ರೆಕ್ಕೆ ತಿರುಚಿಕೊಂಡು, ಹಾರುವಾಗ ಒಂದು ಪಕ್ಕಕ್ಕೇ ವಾಲುತ್ತದೆ. ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿದ ಕೈಗೆ ಇದು ಕಷ್ಟವಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲೂ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ವಿಮಾನದ ಬಟ್ಟೆ ಹೊಲಿದು, ಅದಕ್ಕೆ ಡೋಪ್ ಎಂಬ ಘಾಟು ವಾರ್ನಿಷ್ ಬಳಿದು ಬಿಗಿಮಾಡುತ್ತಿದ್ದವರಲ್ಲಿ ಹೆಂಗಸರೇ ಬಹಳ. ಚಿತ್ರಗಳಲ್ಲಿ ಕಾಣುವುದು ಪೈಲಟ್ಟಿನ ಮುಖ. ನಾನು ಒಂದೊಂದೇ ಅಂಕಣ ಮುಚ್ಚುತ್ತಾ ಹೋದಂತೆ ಅಪ್ಪನ ಅಂಕಿಗಳು ಒಂದೊಂದಾಗಿ ಒಳಗೆ ಹೋದವು. ೬ರ ಹತ್ತಿರ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದೆ.

ಆಮೇಲೆ ಮನೆಯಲ್ಲಿ ವಾದ. ಹಾರಿಸುವುದು ಬೇಡ, ಗೋಡೆಗೆ ತೂಗುಹಾಕೋಣ ಎಂದು ನಾನು. ಎರಡು ವರ್ಷದ ದುಡಿಮೆ ಎರಡು ಸೆಕೆಂಡಿನಲ್ಲಿ ಪುಡಿಯಾದದ್ದನ್ನು ಮಗನ ಗೆಳೆಯರ ಪಾಲಿಗೆ ಕಂಡಿದ್ದೆ. ಅವರವು ಇನ್ನೊಮ್ಮೆ ಕಟ್ಟಬಹುದು. ಇದರ ರೆಕ್ಕೆ ಕಟ್ಟಿದವರು ಮತ್ತೆ ಬರುವುದಿಲ್ಲ. ಮಗ ಏನೂ ಹೇಳಲಿಲ್ಲ. ನಮ್ಮವರು ಮಾತ್ರ, “ಮಾವನವರು ಗೋಡೆಗೆ ಅಂತ ಮಾಡಿದ್ರೆ ಒಳಗೆ ಅಷ್ಟು ಲೆಕ್ಕವಾಗಿ ರಿಬ್ ಯಾಕೆ ಹಾಕ್ತಿದ್ರು?” ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲಿ ಹಾರಿಸುವುದು ಎಂಬುದು ಮುಂದಿನ ಪ್ರಶ್ನೆ. 2021ರ ಡ್ರೋನ್ ನಿಯಮಗಳು, 25 ಕಿಲೋವರೆಗಿನ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಹವ್ಯಾಸದ ಮಾದರಿಗಳನ್ನು ಬೇರೆ ಗುಂಪಾಗಿಟ್ಟು, ಟೈಪ್ ಸರ್ಟಿಫಿಕೇಟಿನಿಂದ ಬಿಟ್ಟಿವೆ. ಆದರೆ ಜಾಗದ ಕಟ್ಟುಪಾಡು ಎಲ್ಲರಿಗೂ ಒಂದೇ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಎಲ್ಲಿ ಬಿಡುಗಡೆ, ಎಲ್ಲಿ ಅನುಮತಿ ಬೇಕು, ಎಲ್ಲಿ ಆಗದು ಎಂದು ಬಣ್ಣ ಹಚ್ಚಿದ್ದಾರೆ. ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ನಮ್ಮ ಕ್ರೋಂಪೇಟೆಯ ಮೈದಾನದಲ್ಲಿ ಇದರ ಮಾತೇ ಇಲ್ಲ. ಹಾರುವ ವಿದ್ಯೆ ಕಲಿಸುವ ಊರಿನಲ್ಲಿ ಹಾರಿಸುವ ಹಾಗಿಲ್ಲ! ಇದೇ ಎಂಐಟಿಯ ದಕ್ಷ ತಂಡ 2018ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮಾನವರಹಿತ ವಿಮಾನ ಹಾರಿಸಿ ಎರಡನೇ ಸ್ಥಾನ ಪಡೆದಿತ್ತು. ಅದಕ್ಕೆ ಸಲಹೆಗಾರರಾಗಿದ್ದವರು ನಟ ಅಜಿತ್ ಕುಮಾರ್. ಮಾದರಿ ವಿಮಾನ ಅವರ ಹಳೇ ಹುಚ್ಚು. ಈ ಸುದ್ದಿ ಕೇಳಿದ ಮೇಲೆ ಪಕ್ಕದ ಮನೆಯ ಮಾಮಿಗೆ ನನ್ನ ಮಗನ ಮೇಲಿನ ಗೌರವ ಒಂದು ಮೆಟ್ಟಿಲು ಏರಿತು.

ಒಂದು ಭಾನುವಾರ ಬೆಳಗಿನ ಐದಕ್ಕೆ ಕಾರಿನ ಹಿಂಸೀಟು ಮಡಿಚಿ ಹಾಕ್ ಇಟ್ಟುಕೊಂಡು ಚೆಂಗಲ್ಪಟ್ಟು ದಾಟಿ ಹೋದೆವು. ನಕ್ಷೆ ನೋಡಿ, ಜಮೀನಿನವರನ್ನು ಕೇಳಿ ಗೊತ್ತುಮಾಡಿಕೊಂಡ ಬಯಲು ಅದು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬದಲ್ಲಿ ಪುಳಿಯೋಗರೆ. ಗಾಳಿ ಏಳುವ ಮುಂಚೆ ಮುಗಿಸಬೇಕೆಂಬ ಅವಸರ. ಮಗ ರೆಕ್ಕೆ ಜೋಡಿಸಿ, ಚುಕ್ಕಾಣಿಗಳು ಸರಿ ದಿಕ್ಕಿಗೆ ತಿರುಗುತ್ತವೆಯೇ ಎಂದು ಎರಡೆರಡು ಸಲ ನೋಡಿದ. ಬಾಲದ ಚಕ್ರದ ವಿಮಾನ ನೆಲದ ಮೇಲೇ ಸುತ್ತು ಹೊಡೆಯುವುದು ಜಾಸ್ತಿ. ಮೊದಲ ಓಟದಲ್ಲಿ ಹಾಗೇ ಆಯಿತು. ಎರಡನೆಯದರಲ್ಲಿ ಬಾಲ ಎತ್ತಿತು, ನೇರ ಓಡಿತು, ಎದ್ದಿತು.

ನಾಲ್ಕು ನಿಮಿಷ. ಸೂರ್ಯ ಕೆಳಗಿದ್ದುದರಿಂದ ತಿರುಗುವಾಗ ಹಾಳೆಯ ಮೂಲಕ ಒಳಗಿನ ರಿಬ್ಬುಗಳ ನೆರಳು ಸಾಲಾಗಿ ಕಾಣುತ್ತಿತ್ತು. ಅಂಕಿ ಕಾಣಲಿಲ್ಲ, ಅಷ್ಟು ಎತ್ತರದಲ್ಲಿ ಹೇಗೆ ಕಂಡೀತು? ಆದರೂ ಮನಸ್ಸಿನಲ್ಲೇ ಎಣಿಸಿದೆ. ಇಳಿಯುವಾಗ ಕೊನೆಯ ಹತ್ತು ಅಡಿಯಲ್ಲಿ ವೇಗ ಕಡಿಮೆಯಾಗಿ, ಹೇಳಿದ್ದ ಹಾಗೇ ಎಡ ತುದಿ ಬಿತ್ತು. ರೆಕ್ಕೆ ನೆಲ ಒರಸಿ, ವಿಮಾನ ಮೂಗಿನ ಮೇಲೆ ನಿಂತಿತು. ಪ್ರೊಪೆಲ್ಲರ್ ಮುರಿದಿತ್ತು. ಹಾಳೆ ಹರಿದು ತುದಿಯ ಒಂದು ರಿಬ್ ಎರಡು ತುಂಡಾಗಿತ್ತು. ಅದು ೧೧ನೆಯದು.

ಮನೆಗೆ ಬಂದು ಪುಳಿಯೋಗರೆಯ ಡಬ್ಬ ತೊಳೆಯುವಷ್ಟರಲ್ಲಿ ಮಗ ಹೊಸ ಬಾಲ್ಸಾ ಹಲಗೆಯಿಂದ ರಿಬ್ ಕತ್ತರಿಸಿದ್ದ. ಅಂಟಿಸುವ ಮುಂಚೆ ಪೆನ್ಸಿಲ್ ನನ್ನ ಕೈಗೆ ಕೊಟ್ಟ. ನಾನು ೧೧ ಎಂದು ಬರೆದೆ. ಹಳೇ ತುಂಡು ದೇವರ ಮನೆಯ ಗೂಡಿನಲ್ಲಿದೆ. ವಿಮಾನದ ಇಸ್ತ್ರಿಪೆಟ್ಟಿಗೆ ಮತ್ತೆ ಅಟ್ಟದಿಂದ ಕೆಳಗಿಳಿದಿದೆ.